ಬಡಿಯದ ಜಾಗದಲ್ಲಿ ನನ್ನ ವಾಸ

ನಾನು ಒಂದು ಬಿಳಿ ರಕ್ತಕಣ. ಗದುಗಿನ ದಾಕ್ಷಾಯಿಣಿ ಟೀಚರ್ ಅವರ ಸೊಂಟದ ಎಲುಬಿನ ಮಜ್ಜೆಯಲ್ಲಿ ಹುಟ್ಟಿದೆ. ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಕಬಡ್ಡಿ ಕಲಿಸುತ್ತಿದ್ದರು. ಅವರ ಮುಖವನ್ನು ನಾನು ಕಂಡಿಲ್ಲ. ದನಿ ಮಾತ್ರ ಎಲುಬಿನೊಳಗೂ ಕೇಳುತ್ತಿತ್ತು.

ನೆತ್ತರಿಗೆ ಇಳಿದು ಮೊದಲ ಸಲ ಹೃದಯದೊಳಗೆ ಹಾದಾಗ ನಿಂತು ನೋಡಬೇಕೆನಿಸಿತು. ನಿಲ್ಲಗೊಡುವ ಜಾಗವೇ ಅದು? ಐವತ್ತು ವರ್ಷ ಒಂದು ಗಳಿಗೆಯೂ ಕೂರದೆ ಬಡಿದ ಸ್ನಾಯು! ಆದರೆ ಅದಕ್ಕೆ ರಕ್ತ ಉಣಿಸುವ ನಾಳದ ಗೋಡೆಯಲ್ಲಿ ನನ್ನ ಹಿರಿಯರು ಕೊಬ್ಬು ತಿಂದು ಊದಿ ಕೂತಿದ್ದರು. ಕಾಯಲೆಂದೇ ಹೋದವರು. ಹೊರಬರಲಾಗದೆ ಕೆರಳಿ, ಇನ್ನಷ್ಟು ಜನರನ್ನು ಕರೆಯುತ್ತಿದ್ದರು. ಗೋಡೆ ಉಬ್ಬುತ್ತಿತ್ತು. ನಾನು ಅತ್ತ ಹೋಗದೆ, ಹೊಟ್ಟೆಯ ಎಡಬದಿಯಲ್ಲಿ ನಮ್ಮಂಥ ಕಣಗಳು ಕಾದಿರುವ ಗುಲ್ಮದಲ್ಲಿ ತಂಗಿದೆ.

ಒಂದು ಮುಂಜಾನೆ ಆ ಉಬ್ಬು ಒಡೆಯಿತು. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿತು.

"ರೀ, ದವಡಿ ಜಗ್ಗಾಕತ್ತೈತಿ. ಬೆನ್ನೂ ಹಿಡದೈತಿ" ಎಂದರು ಟೀಚರ್.

"ಗ್ಯಾಸ್ ಆಗಿರಬೇಕು. ಜೀರಿಗಿ ನೀರು ಕಾಸಲೇನು?" ಎಂದರು ಗಂಡ ಈರಣ್ಣ.

"ನೀರು ಬ್ಯಾಡ, ಆಟೋ ಕರೀರಿ. ಮೈಯೆಲ್ಲಾ ತಣ್ಣಗ ಬೆವರಾಕತ್ತೈತಿ."

ಆ ಹಟವೇ ಅವರನ್ನು ಉಳಿಸಿತು. ಆಸ್ಪತ್ರೆಯಲ್ಲಿ ನಾಳ ತೆರೆದರು. ಅಷ್ಟರಲ್ಲಿ ಸ್ನಾಯುವಿನ ಒಂದು ತುಂಡು ಸತ್ತಿತ್ತು. ಸಾಯುವ ಕಣಗಳ ಮೊರೆ ಗುಲ್ಮದವರೆಗೂ ಮುಟ್ಟಿತು. ಗುಂಪು ಗುಂಪಾಗಿ ಓಡಿದೆವು. ಸತ್ತದ್ದನ್ನೆಲ್ಲ ತಿಂದು ತೆರವು ಮಾಡಿದೆವು. ಅಲ್ಲಿ ಹೃದಯದ ಗೋಡೆ ಹಸಿ ಮಣ್ಣಿನಷ್ಟು ಮೆತ್ತಗಾಯಿತು. ನಮ್ಮ ಸಿಟ್ಟು ಇಳಿಯದಿದ್ದರೆ ಹೃದಯ ಹರಿದೇ ಹೋಗುತ್ತಿತ್ತು.

ಅಂಥ ಹೊತ್ತಿನಲ್ಲಿ ಟೀಚರ್ ಮಂಚದಿಂದ ಕಾಲಿಳಿಸಿದರು. "ನಾಳೆ ಹುಡುಗ್ಯಾರ ಮ್ಯಾಚ್ ಐತ್ರೀ. ಬಿಡ್ರಿ ನನ್ನ."

ಎಂದೂ ಗದರದ ಈರಣ್ಣ ಗದರಿದರು. "ಒಳಗಿನ ಗಾಯ ಮಾಯೂತನಾ ಮಲಕೋ! ನೀ ಹೋದರ ನಾ ಯಾರನ್ನ ನೋಡಲಿ?"

ಟೀಚರ್ ಕಾಲು ಮೇಲೆಳೆದುಕೊಂಡು ಮಲಗಿದರು.

ಆ ಬಿಡುವಿನಲ್ಲಿ ನನ್ನೊಳಗೆ ಏನೋ ತಿರುಗಿತು. ಕೆಡವುವ ಆತುರ ತಗ್ಗಿತು. ನಾರು ನೇಯುವ ಕಣಗಳನ್ನು ಕರೆಯತೊಡಗಿದೆ. ಯಾರು ಕಲಿಸಿದರೋ, ಇಂದಿಗೂ ತಿಳಿಯದು. ಎಳೆ ಎಳೆ ಕೂಡಿ ಗಾಯದ ಕಲೆ ಗಟ್ಟಿಯಾಯಿತು.

ತಿಂಗಳುಗಳ ಮೇಲೆ ಟೀಚರ್ ಡಾಕ್ಟರನ್ನು ಕೇಳಿದರು: "ಆ ಜಾಗ ಇನ್ನ ಬಡಿಯೂದಿಲ್ಲೇನ್ರೀ?"

"ಇಲ್ಲ ಟೀಚರ್. ಆದ್ರ ಹರಿಯೂದೂ ಇಲ್ಲ."

ಈಗ ನಾನು ಮುದಿಯಾಗಿ ಆ ಕಲೆಯಲ್ಲೇ ಇದ್ದೇನೆ. ನಾಳ ಕೆಡಿಸಿದವರೂ ಇಲ್ಲಿ ನೇಯಿಸಿದವರೂ ಒಂದೇ ಮಜ್ಜೆಯ ಮಕ್ಕಳು. ಸುತ್ತಲಿನ ಸ್ನಾಯು ಪ್ರತಿ ಬಡಿತಕ್ಕೂ ನಮ್ಮನ್ನು ಜಗ್ಗುತ್ತದೆ. ನಾವು ಬಿಡುವುದಿಲ್ಲ.