ಮೂಸುವವನ ಪರಿಹಾರ

ಕೈ ಹೋದರೆ ಲೆಕ್ಕ ಸುಲಭ. ಕಾಲು ಹೋದರೂ ಅಷ್ಟೆ. ಯಾವ ಬೆರಳಿಗೆ ನೂರಕ್ಕೆ ಎಷ್ಟು ಎಂದು ನಮ್ಮ ವಿಮಾ ಕಂಪನಿಯ ಪಟ್ಟಿಯಲ್ಲಿ ಅಚ್ಚಾಗಿದೆ. ಇಪ್ಪತ್ತಾರು ವರ್ಷದಿಂದ ಆ ಪಟ್ಟಿ ಮುಂದಿಟ್ಟುಕೊಂಡು ಚೌಕಾಸಿ ಮಾಡುವುದೇ ನನ್ನ ಹೊಟ್ಟೆಪಾಡು. ಕಾರು ಗುದ್ದಿಸಿಕೊಂಡವರು ಬಾಯಿಗೆ ಬಂದಷ್ಟು ಕೇಳುತ್ತಾರೆ, ನಾನು ಕೈಗೆ ಬಂದಷ್ಟು ಇಳಿಸುತ್ತೇನೆ, ಮಧ್ಯದಲ್ಲೆಲ್ಲೋ ಸಹಿ ಬೀಳುತ್ತದೆ. ನನ್ನನ್ನು ಕಲ್ಲೆದೆಯವನು ಎನ್ನುತ್ತಾರೆ. ಅನ್ನಲಿ, ಕಲ್ಲಿಗೆ ತಿಂಗಳು ತಿಂಗಳು ಸಂಬಳ ಬರುತ್ತಿದೆ.

ಆ ಗಂಡ ಹೆಂಡತಿ ಬಂದಿದ್ದು ಮೂಗಿನ ವಿಷಯಕ್ಕೆ. ಗಂಡ ಸಾಬೂನು ಕಾರ್ಖಾನೆಯಲ್ಲಿ ಮೂಸಿ ನೋಡುವವನು. ದಿನದ ಮಾಲಿನಿಂದ ಒಂದು ಬಿಲ್ಲೆ ತೆಗೆದು ಮೂಸಿ, ಪರಿಮಳ ಸರಿಯಿದೆ ಎಂದು ಅವನು ಸಹಿ ಹಾಕಿದರೇ ಲಾರಿ ಹೊರಡುವುದು. ಇಪ್ಪತ್ತೆರಡು ವರ್ಷ ಅದೇ ಕೆಲಸ. ಎಂಟು ತಿಂಗಳ ಹಿಂದೆ ರಸ್ತೆ ದಾಟುವಾಗ ನಮ್ಮಲ್ಲಿ ವಿಮೆ ಮಾಡಿಸಿದ್ದ ಕಾರು ಗುದ್ದಿ, ತಲೆಗೆ ಪೆಟ್ಟಾಗಿ, ವಾಸನೆ ಗೊತ್ತಾಗುವುದೇ ನಿಂತುಹೋಗಿತ್ತು. ಇನ್ನು ಬರುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು.

"ಒಂಬತ್ತು ಲಕ್ಷ ಸಾರ್," ಎಂದ.

"ಒಂದೂವರೆ."

"ಏನ್ ಸಾರ್, ತಮಾಷೆ ಮಾಡ್ತೀರಾ? ನನ್ನ ಹೊಟ್ಟೆ ತುಂಬೋದೇ ಮೂಗಿನಿಂದ."

"ಕೆಲಸ ಹೋಯ್ತಾ?"

"ಇಲ್ಲ. ಹೋಗ್ತಾ ಇದೀನಿ."

"ಸಂಬಳ ಕಡಿಮೆ ಮಾಡಿದ್ರಾ? ಮಾಲು ಸರಿ ಇಲ್ಲ ಅಂತ ದೂರು ಬಂತಾ?"

"ಒಂದೇ ಒಂದು ದೂರಿಲ್ಲ ಸಾರ್," ಎಂದು ಬೆನ್ನು ನೆಟ್ಟಗೆ ಮಾಡಿ ಕುಳಿತ. ಇಂಥ ಹೆಮ್ಮೆ ನಮ್ಮ ಕಂಪನಿಗೆ ಎಷ್ಟು ದುಡ್ಡು ಉಳಿಸಿದೆಯೋ ಲೆಕ್ಕವಿಲ್ಲ.

"ಹಾಗಾದ್ರೆ ನಷ್ಟ ಎಲ್ಲಾಯ್ತು, ನೀವೇ ಹೇಳಿ."

ಅಲ್ಲಿಯವರೆಗೆ ಚೀಲ ತಬ್ಬಿಕೊಂಡು ಕುಳಿತಿದ್ದ ಹೆಂಡತಿ ಬಾಯಿ ತೆರೆದಳು. "ಮೂಸ್ತಾ ಇದ್ದಿದ್ದು ನಾನು."

"ಏ, ಸುಮ್ನಿರೇ."

"ಎಂಟು ತಿಂಗಳು ಸುಮ್ನೇ ಇದ್ನಲ್ಲ, ಸಾಲ್ದಾ?" ಎಂದು ನನ್ನ ಕಡೆ ತಿರುಗಿದಳು. ಅವನು ದಿನಾ ಸಂಜೆ ಒಂದು ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತರುತ್ತಿದ್ದ. ಇವಳು ಒಲೆ ಆರಿಸಿ, ಕೈ ತೊಳೆದು ಮೂಸಬೇಕು. ಗುಲಾಬಿ ಜಾಸ್ತಿಯಾಗಿದೆಯಾ, ಎಣ್ಣೆ ಕಮಟಾಗಿದೆಯಾ ಎಂದು ಅವನು ಒಂದೊಂದೇ ಕೇಳುತ್ತಿದ್ದ. ಇವಳು ಸರಿ ಎಂದರೆ ಬೆಳಿಗ್ಗೆ ಹೋಗಿ ಸಹಿ ಹಾಕುತ್ತಿದ್ದ.

ಹೆಂಡತಿಯ ಮೂಗಿಗೆ ನಮ್ಮ ಪಟ್ಟಿಯಲ್ಲಿ ಜಾಗವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಇದನ್ನ ನಾನು ಬರೆದ್ರೆ ಏಳು, ಏಳೂವರೆವರೆಗೆ ಹೋಗಬಹುದು. ಆದ್ರೆ ವಿಚಾರಣೆಗೆ ಕಾಗದ ನಿಮ್ಮ ಕಾರ್ಖಾನೆಗೆ ಹೋಗುತ್ತೆ. ಕೆಲಸ ಉಳಿಯಲ್ಲ. ಬರೀಲಿಲ್ಲ ಅಂದ್ರೆ ಒಂದೂವರೆ, ಕೆಲಸಾನೂ ಇರುತ್ತೆ."

"ಬರೀಬೇಡಿ ಸಾರ್," ಎಂದ ತಕ್ಷಣ. "ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷ ಇದೆ. ಹೇಗೂ ಇವಳಿದಾಳೆ." ಪೆನ್ನಿಗೆ ಕೈ ಚಾಚಿದ. ಊಟದ ಹೊತ್ತಿಗೆ ಫೈಲು ಮುಗಿಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿ.

"ನನ್ನ ನಂಬ್ಕೋಬೇಡಿ," ಎಂದಳು. "ಎರಡು ತಿಂಗಳಿಂದ ನಾನು ಮೂಸ್ತಾನೇ ಇಲ್ಲ ಕಣ್ರೀ. ಮೂಸಿ ಮೂಸಿ ಎಲ್ಲಾ ಒಂದೇ ಥರ ಆಗೋಗಿದೆ. ನೀವು ನನ್ನ ಮುಖಾನೇ ನೋಡ್ತಾ ನಿಂತಿರ್ತೀರಿ, ಹೇಳೋಕೆ ಬಾಯಿ ಬರ್ಲಿಲ್ಲ. ಮೂಗಿನ ಹತ್ರ ಹಿಡಿದು ಸರಿ ಇದೆ ಅಂದ್ಬಿಡ್ತಿದ್ದೆ."

ಎರಡು ತಿಂಗಳು, ಒಂದು ದೂರೂ ಇಲ್ಲ. ಕಂಪನಿಯ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ಬೇಕೆ? ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ನನಗಿಂತ ಮೊದಲೇ ಅವನು ಅಲ್ಲಿಗೆ ತಲುಪಿದ್ದ.

"ಯಾರಿಗೂ ಗೊತ್ತೇ ಆಗಿಲ್ಲ," ಎಂದ. "ಹಾಗಾದ್ರೆ ಇಪ್ಪತ್ತೆರಡು ವರ್ಷ ನಾನು ಮಾಡಿದ್ದೇನು ಸಾರ್?"

ನಿಜ ಹೇಳುತ್ತೇನೆ, ಸಂಕಟವಾಯಿತು.

ಅವನು ಪೆನ್ನು ಕೆಳಗಿಟ್ಟ. ನನ್ನ ಮೇಜಿನ ಫೋನನ್ನು ಕೇಳದೆಯೇ ತನ್ನ ಕಡೆ ತಿರುಗಿಸಿಕೊಂಡು ಕಾರ್ಖಾನೆಯ ಮ್ಯಾನೇಜರಿಗೆ ಹಚ್ಚಿದ.

"ಸಾರ್, ಎರಡು ತಿಂಗಳ ಮಾಲು ಅಂಗಡಿಗಳಿಂದ ವಾಪಸ್ ತರಿಸಿ. ಅದನ್ನ ಯಾರೂ ಮೂಸಿಲ್ಲ."

ಆ ಕಡೆಯ ನಗು ನನಗೂ ಕೇಳಿಸಿತು. "ಹೋಗಿರೋ ಮಾಲಿಗೆ ಯಾಕ್ರೀ ತಲೆ ಕೆಡಿಸ್ಕೋತೀರಿ? ಚೆನ್ನಾಗೇ ಮಾರಾಟ ಆಗ್ತಿದೆ. ನೀವು ನಿಮ್ಮ ಪಾಡಿಗೆ ಸಹಿ ಹಾಕ್ತಾ ಇರಿ."

ಕೆಲಸ ಉಳಿದಿತ್ತು, ಸಂಬಳ ಉಳಿದಿತ್ತು, ಮೇಲೆ ನನ್ನ ಒಂದೂವರೆ ಲಕ್ಷ. ಬೇರೆ ಯಾರೇ ಆಗಿದ್ದರೂ ಅಲ್ಲಿಗೇ ಫೋನು ಇಡುತ್ತಿದ್ದರು.

"ಆಗಲ್ಲ ಸಾರ್," ಎಂದ. "ನಂಗೆ ವಾಸನೆ ಬರಲ್ಲ. ನಾಳೆಯಿಂದ ಮೂಗಿರೋರನ್ನ ಕೂರಿಸಿ."