ಹನ್ನೆರಡರ ಪಾಳಿ

ಮೂರನೆಯ ಇಸ್ಪೀಟೆಲೆಯೂ ರಾಜನೇ ಬಂದಾಗ ದ್ಯಾಮಣ್ಣ ಕೆಮ್ಮಿದ. ಕೆಮ್ಮೇನೂ ಬಂದಿರಲಿಲ್ಲ, ಮುಖವನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಕೆಮ್ಮಿದ್ದು ಅಷ್ಟೆ. ಎರಡು ರಾಜ ಅವನ ಮೊಣಕಾಲ ಹತ್ತಿರ ಬೋರಲು ಬಿದ್ದಿದ್ದವು, ಅದು ಅವನೊಬ್ಬನಿಗೇ ಗೊತ್ತು. ಮೂರನೆಯದು ಎಲ್ಲರ ಕಣ್ಣೆದುರು ಅಂಗಾತ ಬಿದ್ದಿತ್ತು. ಇಂಥ ಎಲೆ ಎರಡು ವರ್ಷದಲ್ಲಿ ಅವನಿಗೆ ಒಮ್ಮೆಯೂ ಬಂದಿರಲಿಲ್ಲ.

ಸಾಣಾಪುರದ ಕೆರೆದಂಡೆಯ ಬೇವಿನ ಮರದ ಕೆಳಗೆ ಮೂವರು ಕುಳಿತಿದ್ದರು: ದ್ಯಾಮಣ್ಣ, ಹೊನ್ನೂರಪ್ಪ, ಓಬಳೆಪ್ಪ. ಒಂದೇ ಸಾಲೆಯಲ್ಲಿ ಕಲಿತು, ಒಂದೇ ವರ್ಷ ಬಿಟ್ಟು, ಈಗ ಪ್ರವಾಸಿಗರನ್ನು ಹರಿಗೋಲಿನಲ್ಲಿ ಕೂರಿಸಿ ಕೆರೆ ಸುತ್ತಿಸುವವರು. ಬಂಡೆ ಹತ್ತಲು ಬಂದಿದ್ದ ವಿದೇಶಿಯೊಬ್ಬ ಎರಡು ಚಳಿಗಾಲದ ಹಿಂದೆ ಈ ಏಳೆಲೆಯ ಆಟ ಕಲಿಸಿ ಹೋಗಿದ್ದ. ಮೊದಲು ಎರಡು ಎಲೆ ಮುಚ್ಚಿ, ಒಂದು ತೆರೆದು ಹಂಚುವುದು, ಉಳಿದ ನಾಲ್ಕು ಆಮೇಲೆ ಒಂದೊಂದಾಗಿ ಬರುತ್ತವೆ, ಬಂದಾಗಲೆಲ್ಲ ಪಣ. ಅವನು ದುಡ್ಡಿಟ್ಟು ಆಡುತ್ತಿದ್ದನಂತೆ. ಇವರು ಪಾಳಿ ಇಟ್ಟು ಆಡುತ್ತಿದ್ದರು.

ಪಾಳಿ ಎಂದರೆ ನೀರಿಗಿಳಿಯುವ ಸರದಿ, ಅರ್ಧ ತಾಸು. ಶನಿವಾರ, ಭಾನುವಾರ ಯಾರಿಗೆ ಯಾವ ಹೊತ್ತೆಂದು ಗುರುವಾರವೇ ಚೀಟಿ ಎತ್ತಿ, ಹೊತ್ತು ಬರೆದ ಬಿಲ್ಲೆ ಹಂಚಿಕೊಳ್ಳುವುದು. ಬಿಲ್ಲೆಯಿಲ್ಲದವನು ಹರಿಗೋಲು ನೀರಿಗೆ ಹಾಕುವಂತಿಲ್ಲ, ಅವನಪ್ಪನೇ ಬಂದು ಕೂತರೂ ಇಲ್ಲ. ಸಂಜೆ ಐದರ ಬಿಲ್ಲೆಗೆ ಎಲ್ಲರೂ ಬಾಯಿಬಿಡುತ್ತಾರೆ. ಮಧ್ಯಾಹ್ನದ್ದನ್ನು ಬಿಸಿಲಿಗೆ ಹೆದರಿ ಯಾರೂ ಮೂಸುವುದಿಲ್ಲ. ಅದಕ್ಕೇ ಆಟದ ಮೊದಲಿಗೆ ಮೂವರೂ ಭಾನುವಾರದ ಒಂದೊಂದು ಮಧ್ಯಾಹ್ನದ ಬಿಲ್ಲೆಯನ್ನು ನಡುವೆ ಎಸೆದಿದ್ದರು.

ದ್ಯಾಮಣ್ಣನಿಗೆ ಬೇಕಾಗಿದ್ದದ್ದು ಹೊನ್ನೂರಪ್ಪನ ಮುಂದಿದ್ದ ಭಾನುವಾರದ ಐದರ ಬಿಲ್ಲೆ. ದ್ಯಾಮಣ್ಣನ ಹೆಂಡತಿ ಶಿವಲಿಂಗಮ್ಮ ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಲಗ್ನವಾದ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹರಿಗೋಲು ಹತ್ತಿದವಳಲ್ಲ. ಮೊನ್ನೆ ರೊಟ್ಟಿ ಬಡಿಯುತ್ತ, "ಊರೂರಿಂದ ಮಂದಿ ರೊಕ್ಕ ಕೊಟ್ಟು ಬರ್ತಾರ. ಆ ನೀರಾಗ ಅಂಥಾದ್ದೇನೈತಿ ಅಂತ ನಾನೂ ಒಮ್ಮಿ ನೋಡಬೇಕ್ರಿ," ಎಂದಿದ್ದಳು. ಏನನ್ನೂ ಕೇಳದವಳು ಕೇಳಿದ್ದು ಅದೊಂದು. ಅವಳಿಗೆ ರಜೆ ಭಾನುವಾರ ಮಾತ್ರ. ಸೋಮವಾರದಿಂದ ಹರಿಗೋಲುಗಳೆಲ್ಲ ಡಾಂಬರು ಬಳಿಸಿಕೊಳ್ಳಲು ದಡ ಹತ್ತುತ್ತಿದ್ದವು. ದ್ಯಾಮಣ್ಣನಿಗೆ ಭಾನುವಾರಕ್ಕೆ ಬಂದದ್ದು ಸುಡುಬಿಸಿಲಿನ ಒಂದೇ ಪಾಳಿ. ತೋರಿಸುವುದಾದರೆ ಹೊತ್ತು ಮುಳುಗುವಾಗಿನ ಕೆಂಪು ನೀರನ್ನೇ ಅವಳಿಗೆ ತೋರಿಸಬೇಕೆಂದು ಅವನಿಗೆ ಆಸೆ. ಸೀದಾ ಕೇಳಿದ್ದರೆ ಹೊನ್ನೂರಪ್ಪ ಕೊಡುತ್ತಿದ್ದನೋ ಏನೋ. ಆದರೆ ಯಾಕೆಂದು ಕೇಳುತ್ತಿದ್ದ, ಇವನು ಹೇಳಬೇಕಾಗುತ್ತಿತ್ತು, ಆಮೇಲೆ ಯುಗಾದಿಯವರೆಗೂ ದಂಡೆಯ ಮೇಲೆ ಅದೇ ನಗೆ.

ಮೊದಲಿಗೇ ಒಳ್ಳೆಯ ಎಲೆ ಬಂದವನು ಏನು ಮಾಡಬೇಕು? ಈ ಪ್ರಶ್ನೆ ಅವನನ್ನು ಬಹಳ ದಿನದಿಂದ ಕಾಡುತ್ತಿತ್ತು. ದೊಡ್ಡ ಪಣ ಹಾಕಿದರೆ ಉಳಿದವರು ಎಲೆ ಎಸೆದುಬಿಡುತ್ತಾರೆ. ಹಾಕದೆ ಸುಮ್ಮನಿದ್ದರೆ ಬಡ ಎಲೆಯವನಿಗೂ ಪುಕ್ಕಟೆ ನಾಲ್ಕು ಎಲೆ ಸಿಕ್ಕು, ಅವನೇ ಬೆಳೆದು ನಿಲ್ಲುತ್ತಾನೆ. ಮೊದಲಿಗೇ ಹಾಕು, ಜೋರು ಹಾಕು ಎಂದಿದ್ದ ಆ ವಿದೇಶಿ. ಹಾಗೆ ಹಾಕಿ ಹಾಕಿ ದ್ಯಾಮಣ್ಣ ಗಳಿಸಿದ್ದು ಬರೀ ಮಧ್ಯಾಹ್ನದ ಬಿಸಿಲು. ವಿಚಿತ್ರವೆಂದರೆ, ಅವನು ಮೆತ್ತಗೆ ಹಾಕಿದಾಗಲೂ ಅವರು ಓಡುತ್ತಿದ್ದರು. ಎಲೆಗಳ ಬೆನ್ನಿಗೆ ಗುರುತೇನಾದರೂ ಇದೆಯೇ ಎಂದು ಒಮ್ಮೆ ಇಡೀ ಕಟ್ಟನ್ನು ಮನೆಗೊಯ್ದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದ.

ದೊಡ್ಡ ಎಲೆ ತೆರೆದವನೇ ಮೊದಲು ಹಾಕಬೇಕು. ದ್ಯಾಮಣ್ಣ ಶನಿವಾರ ಬೆಳಗಿನ ಎಂಟರ ಸಾಧಾರಣ ಬಿಲ್ಲೆಯನ್ನು ಬೇಸರ ಬಂದವನಂತೆ ನಡುವೆ ತಳ್ಳಿದ. ಹೊನ್ನೂರಪ್ಪನ ಮುಂದೆ ರಾಣಿ ತೆರೆದಿತ್ತು. ಅವನು ಮುಚ್ಚಿದ ಎಲೆಗಳ ಅಂಚು ಎತ್ತಿ ನೋಡಿ ಮೀಸೆ ತೀಡಿದ. ಅಲ್ಲೂ ಒಂದು ರಾಣಿ ಇರಬೇಕು. ಅವನ ಬೆರಳು ಶನಿವಾರದ ಬಿಲ್ಲೆಗಳನ್ನು ಒಂದೊಂದಾಗಿ ದಾಟಿ ಭಾನುವಾರದ ಐದರ ಮೇಲೆ ಕುಳಿತಿತು.

ಅದೇ ದ್ಯಾಮಣ್ಣನಿಗೆ ಬೇಕಾಗಿದ್ದ ಬಿಲ್ಲೆ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಸುಮ್ಮನೆ ಕೂತರೆ ಸಂಶಯ ಬಂದೀತು, ಏನಾದರೂ ಸಹಜವಾಗಿ ಮಾತಾಡಬೇಕು ಎಂದು ಅವನಿಗನಿಸಿತು.

"ಹಾಕ್ರಿ ಹೊನ್ನೂರಪ್ಪ," ಎಂದ. "ಇನ್ನ ನಾಕ ಎಲಿ ಬರೂದೈತಿ, ಅವಸರೇನಿಲ್ರಿ."

ಹೊನ್ನೂರಪ್ಪನ ಬೆರಳು ನಿಂತಿತು. ಅವನು ಓಬಳೆಪ್ಪನ ಮುಖ ನೋಡಿದ. ಓಬಳೆಪ್ಪ ಆಗಲೇ ತನ್ನ ಎಲೆಗಳನ್ನು ಎಸೆದು ಅಡಿಕೆ ಚೀಲ ಬಿಚ್ಚುತ್ತಿದ್ದ. ಹೊನ್ನೂರಪ್ಪ ರಾಣಿಯನ್ನು ಬೋರಲು ಹಾಕಿದ.

"ಒಲ್ಲೆಪಾ. ತಗೊ, ನಿಂದ ಆತು."

"ಯಾಕ ಬಿಟ್ಟಿ?" ದ್ಯಾಮಣ್ಣನಿಗೆ ಅಳುವೊಂದೇ ಬಾಕಿ. "ನಾ ಏನ್ ಜೋರು ಹಾಕೀನೇನ್ಲೇ? ಎಂಟರದ್ದ ಹಾಕೀನಿ! ಇವತ್ತ ಹೇಳಾಕ ಬೇಕು. ಹೆಂಗ ಗೊತ್ತಾಗತೈತಿ ನಿಮಗ?"

ಇಬ್ಬರೂ ಬಿದ್ದುಬಿದ್ದು ನಕ್ಕರು. ಕೊನೆಗೆ ಓಬಳೆಪ್ಪನಿಗೇ ಕನಿಕರ ಬಂತು.

"ಲೇ ದ್ಯಾಮ್ಯಾ, ಚಡ್ಡಿ ಹಾಕ್ಕೊಳ್ಳೂ ಕಾಲದಿಂದ ನಮಗ 'ಲೇ' ಅಂದಾವ ನೀನು. ಛಲೋ ಎಲಿ ಬಂದಾಗಷ್ಟ 'ರಿ' ಅಂತಿ. ನಾವು ನಿನ್ನ ಎಲಿ ನೋಡೂದು ಯಾವಾಗೋ ಬಿಟ್ಟೀವಿ, ಬರೇ ಮಾತು ಕೇಳ್ತೀವಿ."

ದ್ಯಾಮಣ್ಣ ಮುಚ್ಚಿದ್ದ ಎರಡೂ ಎಲೆಗಳನ್ನು ಅಂಗಾತ ಎಸೆದ. ನಾಚಿಕೆಯಾಯಿತು, ಸಿಟ್ಟೂ ಬಂತು. ಅದರ ಜೊತೆಗೇ, ಎರಡು ವರ್ಷದ ಮುಳ್ಳು ಕಿತ್ತುಬಂದಂತೆ ಹಾಯೆನಿಸಿತು. ಆದರೆ ಐದರ ಬಿಲ್ಲೆ ಹೊನ್ನೂರಪ್ಪನ ಜೇಬು ಸೇರಿತು. ಇವನು ಗೆದ್ದದ್ದು ಹನ್ನೆರಡು, ಹನ್ನೆರಡೂವರೆ, ಒಂದು.

ಮನೆಯಲ್ಲಿ ಎಲ್ಲವನ್ನೂ ಹೇಳಿಕೊಂಡಾಗ ಶಿವಲಿಂಗಮ್ಮ ನಗಲಿಲ್ಲ.

"ಅದು ನನಗ ಲಗ್ನಾದ ವರ್ಷನ ಗೊತ್ತಾಗೇತಿ. ಏನರ ಮುಚ್ಚಿಟ್ಟಾಗ ನನಗೂ 'ಉಣ್ರಿ, ಕುಂದರ್ರಿ' ಅಂತೀರಲ್ಲ."

"ಐದರದ್ದ ತರಬೇಕಂತಿದ್ದೆ. ಸಿಗಲಿಲ್ಲ."

"ಯಾಕ, ಹನ್ನೆರಡಕ್ಕ ನೀರು ಇರೂದಿಲ್ಲೇನು?"

ಭಾನುವಾರ ಹನ್ನೆರಡಕ್ಕೆ ಕೆರೆ ಖಾಲಿಯಿತ್ತು. ಪ್ರವಾಸಿಗರು ಊಟಕ್ಕೆ ಹೋಗಿದ್ದರು, ನಗುವವರೂ ನೆರಳು ಹುಡುಕಿಕೊಂಡು ಮಲಗಿದ್ದರು. ಶಿವಲಿಂಗಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, ಹರಿಗೋಲಿನ ಅಂಚು ಹಿಡಿದು ಕುಳಿತಳು. ದ್ಯಾಮಣ್ಣ ಪ್ರವಾಸಿಗರಿಗೆ ತೋರಿಸುವಂತೆಯೇ ಆ ಗುಡ್ಡ, ಈ ಬಂಡೆ ಎಂದು ತೋರಿಸಿದ. ಅವಳು ಅವ್ಯಾವುದನ್ನೂ ನೋಡಲಿಲ್ಲ. ದಿನಾ ಸಾಲೆಗೆ ಹೋಗುವಾಗ ಕಾಣುವ ಬಂಡೆಗಳೇ ಅವು. ಅವಳು ಬಗ್ಗಿ ನೀರಿನೊಳಗೆ ನೋಡುತ್ತಿದ್ದಳು.

"ಹುಟ್ಟು ನಿಲ್ಲಸ್ರಿ."

ನಿಲ್ಲಿಸಿದ.

"ಕೆಳಗ ಒರಳ ಐತಿ."

"ನೀರಾಗ ಒರಳ?"

"ಕಲ್ಲಿನಾಗ ಕೊರದಾರ್ರಿ. ಬಾಜೂಕ ಇನ್ನೊಂದು ಸಣ್ಣದು. ಕೆರಿ ತುಂಬೂಕಿಂತ ಮೊದಲ ಯಾರೋ ಇಬ್ಬರು ಕೂಡಿ ಕುಟ್ಟತಿದ್ರು ಕಾಣಸ್ತೈತಿ. ಯಾರಿದ್ರೋ ಏನೋ."

ಬಿಸಿಲು ನೆತ್ತಿಯ ಮೇಲಿಂದ ನೆಟ್ಟಗೆ ಇಳಿದು ತಳ ಮುಟ್ಟಿತ್ತು. ಇಪ್ಪತ್ತು ವರ್ಷ ಈ ನೀರಿನ ಮೇಲೆ ಹುಟ್ಟು ಹಾಕಿದ ದ್ಯಾಮಣ್ಣ ಕೂತವರ ಮುಖ ನೋಡಿದ್ದ, ಅವರ ಫೋಟೊ ತೆಗೆದುಕೊಟ್ಟಿದ್ದ, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಈಗ ತಡೆಯಲಾರದೆ ಅವಳ ಬದಿಗೆ ಸರಿದ. ಹರಿಗೋಲು ವಾಲಿತು, ಅವಳು ಚೀರಿದಳು.

"ನೀವು ಅಲ್ಲೇ ಕುಂದರ್ರಿ! ನಾ ನೋಡೂದು ಮುಗೀಲಿ."

ಅವನು ಎದುರಿನ ಅಂಚಿಗೆ ಒರಗಿ ತೂಕ ಹಿಡಿದು ಕುಳಿತ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಇಬ್ಬರೂ ಮೊಣಕಾಲ ಮೇಲೆ ಮೆಲ್ಲಗೆ ಸರಿದು ಜಾಗ ಬದಲಿಸಿದರು. ಅವಳು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಅಂಚಿಗೆ ಬೆನ್ನು ಕೊಟ್ಟು, ಈಗ ತಾನು ತೂಕ ಹಿಡಿದಳು.

"ಸಾವಕಾಶ ನೋಡ್ರಿ," ಎಂದಳು. "ಇನ್ನ ಎರಡು ಪಾಳಿ ಅದಾವು."

ದ್ಯಾಮಣ್ಣ ಎರಡೂ ಅಂಗೈಗಳನ್ನು ಕಣ್ಣಿನ ಪಕ್ಕ ಮರೆಮಾಡಿಕೊಂಡು, ಮೂಗು ನೀರಿಗೆ ತಾಗುವಷ್ಟು ಬಗ್ಗಿದ.