ಅರ್ಧಕ್ಕಿಳಿಸಿದ ನೀರು

ನಮ್ಮ ಬೀದಿಯಲ್ಲಿ ಬಾವಿ ನೀರಿನ ಮೇಲೆ ಅನುಮಾನ ಪಟ್ಟವರೇ ಇರಲಿಲ್ಲ. ತಣ್ಣಗಿದೆ, ತಿಳಿಯಾಗಿದೆ, ವಾಸನೆಯಿಲ್ಲ, ಇನ್ನೇನು ಬೇಕು? ಪಕ್ಕದ ಮನೆಯ ಹಾಲಿನಜ್ಜಿಗಂತೂ ತನ್ನ ಬಾವಿ ಎಂದರೆ ಪ್ರಾಣ. ಆರು ಹಸು, ಒಂದು ಕೊಟ್ಟಿಗೆ, ಅದರ ಹಿಂದೆ ತಿಪ್ಪೆ, ತಿಪ್ಪೆಯಿಂದ ಹತ್ತು ಹೆಜ್ಜೆಗೆ ಬಾವಿ.

ಅಜ್ಜಿಯ ಮೊಮ್ಮಗಳಿಗೆ ಎರಡು ತಿಂಗಳು. ಹೆರಿಗೆಯಾದ ಮೇಲೆ ಸೊಸೆ ಹಾಸಿಗೆ ಹಿಡಿದಿದ್ದಳು. ಅವಳು ನುಂಗುವ ಮಾತ್ರೆಗಳು ಅಂಥವು, ಎದೆಹಾಲು ಕೊಡಬೇಡಿ ಎಂದರು ಡಾಕ್ಟರು. ಪುಡಿ ಹಾಲನ್ನು ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಕೊಡಿ ಎಂದರು. ಕುದಿಸುವುದರಲ್ಲಿ ಹಾಲಿನಜ್ಜಿ ಗಟ್ಟಿಗಿತ್ತಿ. ಪಾತ್ರೆ ತುಂಬ ನೀರಿಟ್ಟರೆ ಅರ್ಧಕ್ಕಿಳಿಯುವ ತನಕ ಒಲೆ ಬಿಟ್ಟು ಏಳುತ್ತಿರಲಿಲ್ಲ.

"ಔಷಧಿ ಕಾಯಿಸಿದ ಹಾಗೆ ಕಾಯಿಸ್ತೀನಿ ಕಣೇ. ಒಂದು ಕ್ರಿಮಿ ಉಳಿದಿದ್ರೆ ನನ್ನ ಕೇಳು!" ಎಂದು ನನ್ನೆದುರು ಜಂಭ ಬೇರೆ.

ನಾನು ಬಟ್ಟೆ ಹೊಲಿಯುವವಳು. ಒಂದು ಬೆಳಿಗ್ಗೆ ಕೂಸಿಗೆ ನೀಲಿ ಟೋಪಿ ಹೊಲಿದು ಒಯ್ದೆ. ತೊಡಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ತುಟಿ ನೀಲಿಯಾಗಿತ್ತು. ಅಯ್ಯೋ, ಬಟ್ಟೆ ಬಣ್ಣ ಬಿಟ್ಟಿತಲ್ಲ ಎಂದು ನಾಚಿಕೆಯಾಯಿತು. ಸೆರಗು ಒದ್ದೆ ಮಾಡಿ ಒರೆಸಿದೆ. ಹೋಗಲಿಲ್ಲ. ಮತ್ತೆ ಒರೆಸಿದೆ. ಪುಟ್ಟ ಕೈ ಬಿಡಿಸಿ ನೋಡಿದರೆ ಉಗುರೂ ನೀಲಿ. ಟೋಪಿ ಆ ಕೈಯನ್ನು ಮುಟ್ಟಿಯೇ ಇರಲಿಲ್ಲ.

"ಅಜ್ಜೀ, ಮಗು ಬಣ್ಣ ಸರಿಯಿಲ್ಲ!"

"ಹೊಟ್ಟೆ ಸರಿಯಿಲ್ಲ, ಅಷ್ಟೆ. ಎರಡು ದಿನದಿಂದ ಭೇದಿ. ಅದಕ್ಕೇ ನೀರನ್ನ ಇನ್ನೂ ಜಾಸ್ತಿ ಕುದಿಸ್ತಿದ್ದೀನಿ."

ಸೊಸೆ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಮಗಳ ಮುಖ ನೋಡಿದಳು. "ಅಕ್ಕಾ, ಉಸಿರಾಡ್ತಿದ್ದಾಳಾ?" ಎಂದಳು.

ಅಜ್ಜಿಯ ಮಗ ಹಾಲಿನ ವ್ಯಾನಿನಲ್ಲೇ ನಮ್ಮನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ಅಲ್ಲಿ ಕೂಸಿನ ರಕ್ತ ತೆಗೆದರು. ಅದು ಕೆಂಪಗಿರಲಿಲ್ಲ, ಚಾಕಲೇಟಿನ ಹಾಗೆ ಕಂದು. ಅಷ್ಟು ಹೆದರಿದ್ದು ನಾನು ಹುಟ್ಟಿದಾರಭ್ಯ ಇಲ್ಲ. ನರಕ್ಕೆ ಔಷಧಿ ಕೊಟ್ಟರು. ಹಾಲಿಗೆ ಯಾವ ನೀರು, ಬಾವಿಯ ಹತ್ತಿರ ಏನಿದೆ ಎಂದೆಲ್ಲ ಕೇಳಿ ಬರೆದುಕೊಂಡರು. ನಾವು ತುಟಿಯನ್ನೇ ನೋಡುತ್ತ ಕೂತೆವು. ನಿಧಾನಕ್ಕೆ, ಬಹಳ ನಿಧಾನಕ್ಕೆ, ಅದು ಕೆಂಪಗಾಯಿತು.

ಮಾರನೆಯ ದಿನ ಮಧ್ಯಾಹ್ನ ಅಜ್ಜಿ ಫ್ಲಾಸ್ಕ್ ಹಿಡಿದು ಬಂದಳು.

"ಮನೆ ನೀರು ತಂದಿದ್ದೀನಿ. ಈ ಸಲ ಕಾಲು ಭಾಗಕ್ಕಿಳಿಸಿದ್ದೀನಿ," ಎನ್ನುತ್ತ ಬಾಟಲಿಗೆ ಬಗ್ಗಿಸಿ, ಪುಡಿ ಹಾಕಿ, ಕುಲುಕಿ, ಕೂಸಿನ ಬಾಯಿಗಿಡಲು ಬಗ್ಗಿದಳು. ನರ್ಸಮ್ಮ ಓಡಿ ಬಂದು ಬಾಟಲಿ ಕಿತ್ತುಕೊಂಡರು.

"ಬೇಡ ಅಜ್ಜೀ! ಇವಳು ನೀಲಿಯಾಗಿದ್ದೇ ಈ ನೀರಿಂದ."

"ಏನಮ್ಮಾ ಹೀಗಂತೀಯ? ನನ್ನ ನಾಲ್ಕು ಮಕ್ಕಳೂ ಇದೇ ಬಾವಿ ನೀರಲ್ಲಿ ಬೆಳೆದವರು."

"ಕೂಸಾಗಿದ್ದಾಗ ಅವರು ಕುಡಿದಿದ್ದು ನಿಮ್ಮ ಹಾಲು, ಬಾವಿ ನೀರಲ್ಲ."

ಅಜ್ಜಿ ಬಿಡಲಿಲ್ಲ. "ಕುದಿಸಿದ್ದೀನಲ್ಲ!"

"ಅಡುಗೆಗೆ ಉಪ್ಪು ಜಾಸ್ತಿಯಾದ್ರೆ ಕುದಿಸಿ ಸರಿ ಮಾಡ್ತೀರಾ?"

"ಕುದಿಸಿದ್ರೆ ಇನ್ನೂ ಉಪ್ಪಾಗುತ್ತೆ. ಅದು ಯಾರಿಗೆ ಗೊತ್ತಿಲ್ಲ?"

"ಇದೂ ಹಾಗೇ. ತಿಪ್ಪೆಯಿಂದ ನೈಟ್ರೇಟ್ ಅನ್ನೋ ಉಪ್ಪು ನೆಲಕ್ಕಿಳಿದು ಬಾವಿ ಸೇರಿದೆ. ಕಣ್ಣಿಗೆ ಕಾಣಲ್ಲ, ರುಚಿಗೂ ಸಿಗಲ್ಲ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಉಪ್ಪು ಸಾಯಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ದೊಡ್ಡವರು ತಡ್ಕೋತಾರೆ. ಎಳೇ ಕೂಸಿನ ರಕ್ತಕ್ಕೆ ಮಾತ್ರ ಉಸಿರು ಹೊರೋ ಶಕ್ತಿಯೇ ಹೋಗಿಬಿಡುತ್ತೆ."

ಅಜ್ಜಿ ಮಂಚದ ಅಂಚಿಗೆ ಕುಸಿದು ಕೂತಳು.

"ಹಾಗಾದ್ರೆ ನಾನೇ ಕುಡಿಸಿದ್ನಾ?"

"ಗೊತ್ತಿಲ್ಲದೆ ಆಗಿದ್ದು ಅಜ್ಜಿ. ಇನ್ನು ಗೊತ್ತಾಯ್ತಲ್ಲ."

ಅಜ್ಜಿ ಎದ್ದು ಫ್ಲಾಸ್ಕಿನ ನೀರನ್ನು ಮೋರಿಗೆ ಸುರಿದಳು. "ಯಾವ ನೀರು ಕೊಡಲಿ, ನೀನೇ ಹೇಳು ತಾಯಿ," ಎಂದಳು.

ಈಗ ಅವರ ಮನೆಗೆ ಪರೀಕ್ಷೆಯಾದ ನಲ್ಲಿ ನೀರು ಬರುತ್ತದೆ. ಅದನ್ನು ಚೆನ್ನಾಗಿ ಒಂದು ಕುದಿ ಬರಿಸಿ, ಆರಿಸಿ ಕೊಡುತ್ತಾರೆ. ತಿಪ್ಪೆ ದೂರ ಹೋಗಿದೆ. ಆದರೆ ಬಾವಿ ನೀರು ಇನ್ನೂ ಸರಿಹೋಗಿಲ್ಲ, ಅದಕ್ಕೆ ವರ್ಷಗಳೇ ಬೇಕಾಗಬಹುದಂತೆ. ಹಾಲು ಹಾಕಲು ಹೋದ ಕಡೆಯಲ್ಲೆಲ್ಲ ಅಜ್ಜಿ ಬಸುರಿಯರನ್ನು ಹಿಡಿದು ನಿಲ್ಲಿಸಿ ಬಾವಿಯ ವಿಚಾರ ಕೇಳುತ್ತಾಳೆ.

ನಾನು ನಿಮ್ಮನ್ನು ಕೇಳುತ್ತೇನೆ. ನಿಮ್ಮ ಬಾವಿಯ ಹತ್ತಿರ ತಿಪ್ಪೆ, ಕಕ್ಕಸು ಗುಂಡಿ, ಗೊಬ್ಬರ ಸುರಿಯುವ ಹೊಲ ಇದೆಯೇ? ಹಾಗಿದ್ದರೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ನೀರು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಆ ನೀರಿನಲ್ಲಿ ಎಳೆಗೂಸಿಗೆ ಹಾಲು ಕಲಸಬೇಡಿ. ಎದೆಹಾಲು ಕೊಡಲು ಆಗುವ ತಾಯಂದಿರು ಆರು ತಿಂಗಳು ಅದನ್ನೇ ಕೊಡಿ. ತುಟಿ, ಉಗುರು ನೀಲಿಯಾದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಿ. ಪರೀಕ್ಷೆ ನಾಳೆ ಮಾಡಿಸಿದರಾಯಿತು ಎನ್ನಬೇಡಿ. ಕೂಸಿಗೆ ಹಸಿವಾಗುವುದು ಇವತ್ತೇ.